ಹುಣಸೆಹಣ್ಣು ವಾಪಸ್ ಕೇಳಿದವನು

ಚಳಿಯಲ್ಲಿ ವಸ್ತುಗಳು ಕುಗ್ಗುತ್ತವೆ ಎಂದು ಹೈಸ್ಕೂಲು ಮಕ್ಕಳಿಗೆ ಹೇಳಿಕೊಡುವುದೇ ನನ್ನ ಹೊಟ್ಟೆಪಾಡು. ರೈಲು ಹಳಿಗಳ ನಡುವೆ ಸಂದು ಯಾಕೆ ಬಿಡುತ್ತಾರೆ, ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಯಾಕೆ ಕಾಯಿಸಿ ತೊಡಿಸುತ್ತಾರೆ ಎಂದೆಲ್ಲ ಹಲಗೆಯ ಮೇಲೆ ಚಿತ್ರ ಬರೆದು ವಿವರಿಸುತ್ತೇನೆ. ಮಧುಗಿರಿಗೆ ಇನ್ನೂ ರೈಲು ಬಂದಿಲ್ಲ, ಗಾಡಿಗಳೆಲ್ಲ ಟೈರಿನವು, ಹಾಗಾಗಿ ನಾನು ಹೇಳಿದ್ದನ್ನು ಮಕ್ಕಳು ನಂಬುತ್ತಾರೆ. ಆದರೆ ಚಿನ್ನದ ಉಂಗುರ ಕುಗ್ಗುವುದಕ್ಕಿಂತ ಅದನ್ನು ಹಾಕಿಕೊಂಡ ಬೆರಳೇ ಹೆಚ್ಚು ಕುಗ್ಗುತ್ತದೆ ಎಂಬ ಸಂಗತಿ ನಮ್ಮ ಪಠ್ಯಪುಸ್ತಕದಲ್ಲಿಲ್ಲ. ಅದನ್ನು ನಾನು ಈ ಸಲದ ಮಾಘ ಮಾಸದಲ್ಲಿ, ಇಷ್ಟು ವಯಸ್ಸಾದ ಮೇಲೆ, ಹುಣಸೆಹಣ್ಣಿನಿಂದ ಕಲಿಯಬೇಕಾಯಿತು.

ನಮ್ಮ ಮನೆ ಇರುವುದು ಬೆಟ್ಟದ ನೆರಳು ಬೀಳುವ ಕಡೆ. ಊರಿನ ಉಳಿದವರಿಗೆಲ್ಲ ಬಿಸಿಲು ಬಂದು, ಅವರು ಕಾಫಿ ಕುಡಿದು ಲೋಟ ತೊಳೆದಿಟ್ಟ ಮೇಲೆ ನಮ್ಮ ಅಂಗಳಕ್ಕೆ ಸೂರ್ಯ ಬರುತ್ತಾನೆ. ಸಂಕ್ರಾಂತಿ ಮುಗಿದು ಎಳ್ಳುಬೆಲ್ಲದ ಡಬ್ಬಿಯಲ್ಲಿ ಬರೀ ಕೊಬ್ಬರಿ ಚೂರು ಉಳಿದ ಮೇಲೂ ನಮ್ಮಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಒಲೆಯ ಪಕ್ಕದಲ್ಲೇ ಇರುತ್ತದೆ. ಹಿಮ್ಮಡಿ ಒಡೆಯುತ್ತದೆ, ತುಟಿ ಬಿರಿಯುತ್ತದೆ, ಬಿಸಿನೀರಿಗೆ ಯಾರು ಮೊದಲು ಎಂಬ ಜಗಳದಲ್ಲಿ ಮೂವರಿಗೂ ಶಾಲೆ ಕಾಲೇಜಿಗೆ ತಡವಾಗುತ್ತದೆ. ಮೂವರು ಎಂದರೆ ನಾನು, ಪ್ರೈಮರಿ ಶಾಲೆಯಲ್ಲಿ ಟೀಚರಾಗಿರುವ ನನ್ನ ಹೆಂಡತಿ ಸುಜಾತ, ಪಿಯುಸಿ ಓದುವ ಮಗಳು ಅನು. ಜಗಳದಲ್ಲಿ ನಾನು ಯಾವಾಗಲೂ ಮೂರನೆಯವನು.

ಈ ಚಳಿಯ ಕೊನೆಗೇ ಐ.ಡಿ.ಹಳ್ಳಿಯಿಂದ ಹುಣಸೆಹಣ್ಣಿನ ಮೂಟೆ ಬರುವುದು. ಅಲ್ಲಿ ನಮ್ಮಣ್ಣನ ಹೊಲದ ಬದುವಿನಲ್ಲಿ ತಾತನ ಕಾಲದ ಹುಣಸೆ ಮರ ಇದೆ. ಮರ ಜಡಿದು ಹಣ್ಣನ್ನು ಮೂಟೆ ಕಟ್ಟಿ ಕಳಿಸುವುದು ಅಣ್ಣನ ಪಾಲು, ಅದನ್ನು ಹಸನು ಮಾಡಿ ನೆಂಟರಿಗೆಲ್ಲ ಹಂಚುವುದು ನಮ್ಮ ಪಾಲು. ಭಾನುವಾರ ತಾರಸಿಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಸಿಪ್ಪೆ ಒಡೆದು, ನಾರು ಬಿಡಿಸಿ, ಬೀಜ ಕುಟ್ಟಿ ತೆಗೆದು, ಕಲ್ಲುಪ್ಪು ಸೇರಿಸಿ, ತೆಂಗಿನಕಾಯಿ ಗಾತ್ರದ ಉಂಡೆ ಕಟ್ಟುತ್ತೇವೆ. ಅಂಟದಿರಲಿ ಎಂದು ಕೈಗೆ ಹರಳೆಣ್ಣೆ ಸವರಿಕೊಳ್ಳುತ್ತೇವೆ. ಹೊಸ ಹುಣಸೆಹಣ್ಣು ಕೊಡುವುದು ನಮ್ಮ ಕಡೆ ಮರ್ಯಾದೆಯ ವಿಷಯ. ಕೊಟ್ಟ ಪಾತ್ರೆ ಖಾಲಿ ವಾಪಸ್ ಬರುವುದಿಲ್ಲ, ಕಡಲೆಕಾಯಿಯೋ ಬೆಲ್ಲವೋ ಹಾಕಿಕೊಂಡು ಬರುತ್ತದೆ. ಪಾತ್ರೆ ಬಂದರೂ ಹುಣಸೆಹಣ್ಣು ಮಾತ್ರ ವಾಪಸ್ ಬಂದದ್ದಿಲ್ಲ, ಅದನ್ನು ಯಾರೂ ಕೇಳಿದ್ದೂ ಇಲ್ಲ, ನಾನು ಕೇಳುವವರೆಗೆ.

ಈ ವರ್ಷ ಎಂದಿಗಿಂತ ಹೆಚ್ಚು ಹಣ್ಣು ಬಂತು. ಸುಜಾತಳ ತಮ್ಮ ಸೀನನಿಗೆ ಮಾಘದ ಕೊನೆಯಲ್ಲಿ ವೈ.ಎನ್.ಹೊಸಕೋಟೆಯಲ್ಲಿ ಮದುವೆ. ಮದುವೆ ಮನೆಯ ಸಾರಿಗೆ ನಮ್ಮ ಹುಣಸೆಹಣ್ಣೇ ಆಗಬೇಕೆಂದು ಅತ್ತೆ ಹೇಳಿ ಕಳಿಸಿದ್ದರು. ಹೀಗಾಗಿ ಸಾಮಾನ್ಯವಾಗಿ ಪೇಪರ್ ಓದುತ್ತ ಮೇಲ್ವಿಚಾರಣೆ ಮಾಡುವ ನನ್ನನ್ನೂ ಕೆಲಸಕ್ಕೆ ಎಳೆದರು. ನನ್ನ ಅಂಗೈ ಅಗಲ, ಆದ್ದರಿಂದ ಉಂಡೆ ಕಟ್ಟುವ ಹುದ್ದೆ ಸಿಕ್ಕಿತು. ಮೊಣಕೈವರೆಗೆ ಹರಳೆಣ್ಣೆ ಸವರಿಕೊಂಡು ನಾನು ಕಟ್ಟಿದ ಉಂಡೆಗಳನ್ನು ನೋಡಿ ಸುಜಾತ, “ಪರವಾಗಿಲ್ಲ ಕಣ್ರೀ, ಒಂದು ಕೆಲಸ ಬಂತು ನಿಮಗೆ,” ಎಂದಳು. ಮದುವೆಯಾದ ಮೇಲೆ ಅವಳ ಬಾಯಿಂದ ಇಂಥ ಮಾತು ಕೇಳಿದ್ದು ಅಪರೂಪ. ಅದರ ಖುಷಿಯಲ್ಲಿ ಇನ್ನಷ್ಟು ಗಟ್ಟಿಯಾಗಿ ಒತ್ತಿ ಕಟ್ಟಿದೆ. ಸಂಜೆಯೊಳಗೆ ಉಂಡೆಗಳು ಹೊರಟೂ ಹೋದವು. ಸೀನ ಬೈಕಿನಲ್ಲಿ ಬಂದು ಹೊಸಕೋಟೆಯ ಪಾಲು ಒಯ್ದ. ತೋವಿನಕೆರೆಯ ನಮ್ಮ ಗಿರಿಜಕ್ಕನ ಪಾಲು ಬಸ್ಸಿನಲ್ಲಿ ಹೋಯಿತು. ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ರಹಮತ್ ತನ್ನ ಪಾಲನ್ನು ಸಿರಾಕ್ಕೆ ತೆಗೆದುಕೊಂಡು ಹೋದ. ಉಳಿದದ್ದು ನಮ್ಮ ಮನೆಯ ಜಾಡಿ ಸೇರಿತು.

ಮರುದಿನ ಎಂಟನೇ ತರಗತಿಯಲ್ಲಿ ಅದೇ ಪಾಠ. “ಲೋಹ ಯಾವುದೇ ಇರಲಿ, ಚಳಿಗೆ ಕುಗ್ಗುತ್ತದೆ. ಉದಾಹರಣೆಗೆ ಈ ಉಂಗುರ ನೋಡಿ,” ಎಂದು ಬಲಗೈ ಎತ್ತಿ ತೋರಿಸಿದೆ. ಪ್ರತಿ ವರ್ಷವೂ ತೋರಿಸುತ್ತೇನೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, “ಸಾರ್, ಉಂಗುರ ಎಲ್ಲೈತೆ?” ಎಂದಳು. ಬೆರಳಿನಲ್ಲಿ ಉಂಗುರವಿದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ನನಗೆ ಆ ಕ್ಷಣವೇ ಎಲ್ಲವೂ ಅರ್ಥವಾಯಿತು. ಚಳಿಗೆ ಸಣಕಲಾದ ಬೆರಳು, ಮೇಲೆ ಹರಳೆಣ್ಣೆ, ಅದರ ಮೇಲೆ ನನ್ನ ಉತ್ಸಾಹ. ಉಂಗುರ ಯಾವುದೋ ಒಂದು ಉಂಡೆಯ ಹೊಟ್ಟೆಯಲ್ಲಿತ್ತು. “ಇದೆ ಅಂತ ಊಹೆ ಮಾಡಿಕೊಳ್ಳಿ,” ಎಂದು ಪಾಠ ಮುಂದುವರಿಸಿದೆ. ಊಹೆ ಮಾಡಿಕೊಳ್ಳುವುದು ಮಕ್ಕಳಿಗೆ ಸುಲಭ.

ಆ ಉಂಗುರ ಅಂಗಡಿಯಲ್ಲಿ ಕೊಂಡದ್ದಾಗಿದ್ದರೆ ಇಷ್ಟು ಗಾಬರಿಯಾಗುತ್ತಿರಲಿಲ್ಲ. ನಮ್ಮ ಮಾವ ಹೊಸಕೋಟೆಯ ಕಡೆ ಕಡಲೆಕಾಯಿ ಬೆಳೆಯುವವರು. ಮಗಳ ಮದುವೆಗೆ ತಮ್ಮ ತಾಯಿಯ ಕಿವಿಯ ಓಲೆ ಕರಗಿಸಿ ಈ ಉಂಗುರ ಮಾಡಿಸಿದ್ದರು. ಮದುವೆಯ ದಿನ ಅದನ್ನು ತಾವೇ ನನ್ನ ಬೆರಳಿಗೆ ಹಾಕಿ ಏನೋ ಹೇಳಲು ಹೋಗಿ, ಮಾತು ಬರದೆ, ನನ್ನ ಬೆನ್ನು ತಟ್ಟಿ ಚಪ್ಪರದ ಆಚೆಗೆ ಹೋಗಿ ನಿಂತಿದ್ದರು. ಈಗ ಸೀನನ ಮದುವೆಯಲ್ಲಿ ನಾನು ಹಿರಿಯ ಅಳಿಯ. ವರನ ಪಕ್ಕದಲ್ಲಿ ಕೂರಬೇಕಾದವನು, ಹತ್ತು ಜನರ ಎದುರಿಗೆ ಬಲಗೈಯಿಂದ ಅಕ್ಷತೆ ಹಾಕಬೇಕಾದವನು. ಬೋಳು ಬೆರಳನ್ನು ಮಾವ ನೋಡಿದರೆ ಏನೂ ಅನ್ನುವುದಿಲ್ಲ, ಮತ್ತೆ ಚಪ್ಪರದ ಆಚೆಗೆ ಹೋಗಿ ನಿಲ್ಲುತ್ತಾರೆ. ಅದಕ್ಕಿಂತ ಬೈದರೇ ವಾಸಿ.

ಹೆಂಡತಿಗೆ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಿಮಗೆ ನನ್ನ ಚರಿತ್ರೆ ಗೊತ್ತಿಲ್ಲ. ನಾನು ಕಳೆದ ಛತ್ರಿಗಳಲ್ಲಿ ನಮ್ಮ ಬೀದಿಗೆಲ್ಲ ನೆರಳು ಮಾಡಬಹುದು. ಕನ್ನಡಕವನ್ನು ಸೆಲೂನಿನಲ್ಲಿ, ಟಿಫನ್ ಡಬ್ಬಿಯನ್ನು ಬಸ್ಸಿನಲ್ಲಿ, ಮಗಳ ಫೀಸಿನ ರಸೀತಿಯನ್ನು ಬೇರೆ ಯಾರದೋ ಮಗಳ ಕೈಯಲ್ಲಿ ಬಿಟ್ಟು ಬಂದವನು. ಒಂದು ಸಲ ತರಕಾರಿ ಮಾರ್ಕೆಟ್ಟಿಗೆ ಸ್ಕೂಟರಿನಲ್ಲಿ ಹೋಗಿ, ಸೊಪ್ಪು ಹಿಡಿದುಕೊಂಡು ನಡೆದು ಮನೆಗೆ ಬಂದೆ. ಆವತ್ತು ಸುಜಾತ ಕೋಪ ಮಾಡಿಕೊಳ್ಳಲಿಲ್ಲ. ನನ್ನ ಕೈ ನೋಡಿ, “ಸದ್ಯ, ನಮ್ಮಪ್ಪ ಕೊಟ್ಟ ಉಂಗುರ ಒಂದು ಉಳ್ಕೊಂಡೈತೆ,” ಎಂದಳು. ಆ ಮಾತು ನೆನಪಾದ ಮೇಲೆ ಹೇಳುವ ಯೋಚನೆ ಬಿಟ್ಟೆ. ಸಂಜೆ ಮೆಡಿಕಲ್ ಶಾಪಿನಲ್ಲಿ ಬ್ಯಾಂಡೇಜು ಕೊಂಡು ಉಂಗುರದ ಬೆರಳಿಗೆ ಸುತ್ತಿಕೊಂಡು ಮನೆಗೆ ಹೋದೆ. “ಏನಾಯ್ತು?” ಎಂದಳು. “ಶಾಲೆ ಬಾಗಿಲು ತಗುಲ್ತು,” ಎಂದೆ. ಅವಳು ನನ್ನ ಮುಖವನ್ನೊಮ್ಮೆ, ಬೆರಳನ್ನೊಮ್ಮೆ ನೋಡಿ ಒಳಗೆ ಹೋದಳು.

ಅವಳು ಪಕ್ಕದ ಮನೆಗೆ ಅರಿಶಿನ ಕುಂಕುಮಕ್ಕೆ ಹೋದ ಸಮಯ ನೋಡಿ ನಮ್ಮ ಜಾಡಿಯ ಉಂಡೆಗಳನ್ನೆಲ್ಲ ಒಡೆದು ಹುಡುಕಿದೆ. ಉಂಗುರ ಇರಲಿಲ್ಲ. ಅಷ್ಟರಲ್ಲಿ ಅನು ಬಂದು, “ಅಪ್ಪಾ, ಏನ್ ಮಾಡ್ತಿದೀಯ?” ಎಂದಳು. “ಉಪ್ಪು ಸರಿಯಾಗಿ ಬಿದ್ದಿದೆಯಾ ನೋಡ್ತಿದೀನಿ, ಉಪ್ಪು ಕಮ್ಮಿಯಾದರೆ ಹುಳ ಬೀಳುತ್ತೆ,” ಎಂದೆ. ಹೇಳಿದ ಸುಳ್ಳನ್ನು ಮುಚ್ಚಿಹಾಕಲು ಅವಳೆದುರಿಗೇ ಇನ್ನೊಂದು ಹಿಡಿ ಉಪ್ಪು ಹಾಕಿ ಮತ್ತೆ ಉಂಡೆ ಕಟ್ಟಿದೆ. ಆದರೆ ಸುಳ್ಳು ಚೆನ್ನಾಗಿದೆ ಅನ್ನಿಸಿತು. ಅದನ್ನೇ ಜೇಬಿನಲ್ಲಿಟ್ಟುಕೊಂಡು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕೊರಟಗೆರೆ ದಾರಿ ಹಿಡಿದು ತೋವಿನಕೆರೆಯ ಗಿರಿಜಕ್ಕನ ಮನೆಗೆ ಹೋದೆ.

ಅಕ್ಕ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಕ್ಷೇಮ ಸಮಾಚಾರ ಮುಗಿಸಿ, ಹುಣಸೆಹಣ್ಣಿನ ಉಂಡೆ ಒಂದು ಸಲ ಕೊಡು, ಉಪ್ಪು ಕಮ್ಮಿಯಾಗಿದೆ, ಸೇರಿಸಿಕೊಡುತ್ತೇನೆ ಎಂದೆ. ಅವಳು ಅವರೆಕಾಯಿ ಬದಿಗಿಟ್ಟು ನನ್ನನ್ನು ಕೆಳಗಿಂದ ಮೇಲಕ್ಕೆ ನೋಡಿದಳು. “ಮಧುಗಿರಿಯಿಂದ ಇಲ್ಲೀಗಂಟ ಉಪ್ಪಾಕಕ್ಕೆ ಬಂದಿದ್ದೀಯೇನ್ಲಾ? ನಮ್ಮನೇಲಿ ಉಪ್ಪಿಲ್ವಾ?” ಎಂದಳು. ನಾನು ಹುಳದ ವಿಷಯ ಹೇಳಿದೆ. “ನಮ್ಮವ್ವ ಸಾಯೋಗಂಟ ಹುಣಸೆಹಣ್ಣು ಕಟ್ಟಿದ್ಲು, ಒಂದು ಹುಳ ಬಿದ್ದಿರ್ಲಿಲ್ಲ. ದಿಟ ಹೇಳ್ಬುಡು. ನಿನ್ನೆಂಡ್ತಿ, ಗಿರಿಜಕ್ಕಂಗೆ ಜಾಸ್ತಿ ಹೋಯ್ತು ಅಂದ್ಲಾ?” ಎಂದಳು. ಇಲ್ಲ ಕಣಕ್ಕ ಎಂದು ನಾನು ಅಂದಷ್ಟೂ ಅವಳ ಅನುಮಾನ ಗಟ್ಟಿಯಾಯಿತು. ಕೊನೆಗೆ ಉಂಡೆ ತಂದು ನನ್ನ ಮುಂದೆ ಕುಕ್ಕಿದಳು. ಅವಳೆದುರಿಗೇ ಅವನ್ನು ಒಡೆದು, ಕಿವುಚಿ, ಉಪ್ಪು ಸೇರಿಸಿ ಕಟ್ಟಿದೆ. ಉಂಗುರ ಅಲ್ಲೂ ಇರಲಿಲ್ಲ. ನನಗೆ ಕಾಫಿ ಕೊಟ್ಟಳು, ಆದರೆ ಕುಡಿ ಎನ್ನಲಿಲ್ಲ. ತಪ್ಪು ನನ್ನದು, ಕೆಟ್ಟ ಹೆಸರು ಸುಜಾತಳಿಗೆ.

ಮರುದಿನ ಸಿರಾ. ರಹಮತ್‌ಗೆ ವಿಷಯ ಹೇಳಿಬಿಡಬಹುದಿತ್ತು, ಆದರೆ ಅವನು ಸ್ಟಾಫ್ ರೂಮಿನ ರೇಡಿಯೋ. ಅವನು ಪೇಟೆಗೆ ಹೋಗಿದ್ದ ಹೊತ್ತಿಗೆ ಹೋದೆ. ಅವನ ತಾಯಿ ಮಂಚದ ಮೇಲೆ ಕೂತಿದ್ದರು. ಉಪ್ಪಿನ ಕಥೆ ಕೇಳಿ ಅವರು ಬಹಳ ಮರುಗಿ, “ಅಯ್ಯೋ ಬೇಟಾ, ಇಷ್ಟಕ್ಕೆ ಯಾಕೆ ತಕಲೀಫ್ ತಗೊಂಡ್ರಿ? ಮಾಲ್ ಒಂದಿಷ್ಟೂ ಖರಾಬ್ ಆಗಿಲ್ಲ. ಒಂದು ಗೋಲಾ ಇವತ್ತೇ ಬದನೆಕಾಯಿ ಖಟ್ಟಾಗೆ ಹಾಕ್ಬಿಟ್ವಿ,” ಎಂದರು. ಉಳಿದ ಉಂಡೆಯನ್ನು ನನ್ನ ಕೈಗೆ ಕೊಟ್ಟು, ಖಟ್ಟಾ ಎಂಬ ಆ ಹುಳಿಗೊಜ್ಜಿನ ರುಚಿ ನೋಡಿಯೇ ಹೋಗಬೇಕೆಂದು ತಟ್ಟೆ ಹಾಕಿಸಿದರು. ಉಂಡೆಯನ್ನು ಒಡೆದು ಉಪ್ಪು ಸೇರಿಸಿ ಕಟ್ಟಿದೆ, ಏನೂ ಸಿಗಲಿಲ್ಲ. ಖಟ್ಟಾವನ್ನು ನಾನು ಹಲ್ಲಿಗೆ ಕೆಲಸ ಕೊಡದೆ, ನಾಲಿಗೆಯಲ್ಲಿ ತಡಕಿ ತಡಕಿ ನುಂಗಿದೆ. “ಎಷ್ಟು ಆರಾಮಾಗಿ, ಮಜಾ ತಗೊಂಡು ತಿಂತಾರೆ ನೋಡು,” ಎಂದು ಆಕೆ ಸೊಸೆಗೆ ಹೇಳಿ ಇನ್ನೊಂದು ಸೌಟು ಬಡಿಸಿದರು. ಪಾತ್ರೆಯ ತಳದವರೆಗೂ ತಿಂದೆ. ಅಲ್ಲೂ ಇಲ್ಲ.

ಇನ್ನು ಉಳಿದದ್ದು ಹೊಸಕೋಟೆ ಒಂದೇ. ಉಂಗುರ ಅಲ್ಲೇ ಇದೆ ಎಂಬುದು ಈಗ ಖಚಿತವಾಯಿತು, ನನ್ನ ಭಯವೂ ಖಚಿತವಾಯಿತು. ಮದುವೆಯ ಅಡುಗೆಯವರು ಆ ಉಂಡೆ ನೆನೆಹಾಕುತ್ತಾರೆ, ಉಂಗುರ ಸಾರಿನ ಕೊಳದಪ್ಪಲೆ ಸೇರುತ್ತದೆ, ಅಲ್ಲಿಂದ ಬೀಗರ ಎಲೆಗೆ ಬೀಳುತ್ತದೆ. ಹೆಣ್ಣಿನ ಕಡೆಯ ಯಾವನೋ ಯಜಮಾನ ಅದನ್ನು ಕಡಿದು ಹಲ್ಲು ಕೈಯಲ್ಲಿ ಹಿಡಿದು ನಿಂತ ದೃಶ್ಯ ಕಣ್ಣ ಮುಂದೆ ಬರತೊಡಗಿತು. ಇದರ ಮೇಲೆ ಆ ವಾರ ಮಾವನ ಫೋನುಗಳು ಶುರುವಾದವು. ಫೋನೆಂದರೆ ದೂರ ಓಡುವ ಮನುಷ್ಯ ಅವರು. ಈಗ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಆಂಧ್ರದ ಗಡಿಯವರ ತೆಲುಗು ಬೆರೆತ ಕನ್ನಡದಲ್ಲಿ. “ಅಳಿಯಂದ್ರೆ, ಬಾಗುನ್ನಾರಾ? ಊಟ ಆಯ್ತಾ? ಸುಜಾತ ಹೆಂಗವಳೆ? ಏಮೀ ತೊಂದರೆ ಇಲ್ಲ ಕದಾ?” ಎನ್ನುವುದು, ಆಮೇಲೆ ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗುವುದು. ಸುಜಾತಳ ಹತ್ತಿರವೂ ಅಷ್ಟೇ. “ನಮ್ಮಪ್ಪಂಗೆ ಏನಾಗೈತೆ? ನಗ್ತಾ ಇದೀಯೇನಮ್ಮ ಅಂತ ಕೇಳ್ತಾನೆ,” ಎಂದು ಅವಳು ಫೋನನ್ನೇ ನೋಡುತ್ತ ಕೂತಳು. ಅವರಿಗೆ ಎಲ್ಲ ಗೊತ್ತಾಗಿದೆ, ನನ್ನ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದಾರೆ ಎಂದುಕೊಂಡೆ. ಬರುವ ಭಾನುವಾರ ಹೋಗಿ ಕಾಲಿಗೆ ಬೀಳುವುದೆಂದು ತೀರ್ಮಾನಿಸಿದೆ.

ಭಾನುವಾರ ನಾನು ಹೊರಡಲು ಚಪ್ಪಲಿ ಹುಡುಕುತ್ತಿದ್ದಾಗ ಮಾವನೇ ಬಾಗಿಲಲ್ಲಿ ನಿಂತಿದ್ದರು. ಮೊದಲ ಬಸ್ಸಿಗೆ ಬಂದಿದ್ದರು. ತಲೆಗೆ ಮಫ್ಲರ್, ಹೆಗಲ ಮೇಲೆ ಕಡಲೆಕಾಯಿ ಚೀಲ, ಕೈಯಲ್ಲಿ ಬೆಲ್ಲದ ಪೊಟ್ಟಣ, ಅನುಗೆ ಬಳೆ, ನನಗೊಂದು ಹೊಸ ಪಂಚೆ. ಮದುವೆಗೆ ಇನ್ನೂ ದಿನ ಇರುವಾಗ ಇದೆಲ್ಲ ಯಾಕೆಂದು ಸುಜಾತ ಕೇಳಿದರೆ, “ಊರಕನೇ, ಸುಮ್ನೆ ಬಂದೆ,” ಎಂದರು. ಅವಳು ಕಾಫಿಗೆ ಒಳಗೆ ಹೋದದ್ದೇ ನನ್ನ ಕೈ ಹಿಡಿದು ತಾರಸಿಗೆ ಕರೆದುಕೊಂಡು ಹೋದರು. ಬಿಸಿಲಿಗೆ ಹುಣಸೆ ಬೀಜ ಹರವಿತ್ತು, ಅದರ ಪಕ್ಕದಲ್ಲೇ ಕೂತೆವು. ಅವರು ಬನಿಯನ್ನಿನ ಜೇಬಿನಿಂದ ಒಂದು ಗಂಟು ತೆಗೆದು ಬಿಚ್ಚಿದರು. ಒಳಗೆ ನನ್ನ ಉಂಗುರವಿತ್ತು, ಚೆನ್ನಾಗಿ ತೊಳೆದದ್ದು.

ನನಗೆ ಆದ ಸಂತೋಷ ಹೇಳತೀರದು. ಎದೆಯ ಮೇಲಿಂದ ಚಪ್ಪಡಿ ಕಲ್ಲು ಎತ್ತಿದ ಹಾಗಾಗಿ ಜೋರಾಗಿ ನಕ್ಕುಬಿಟ್ಟೆ. ಮಾವ ನಗಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. “ಅಳಿಯಂದ್ರೆ, ನಗಬ್ಯಾಡ್ರಿ. ಚಟ್ನಿಗೆ ಅಂತ ಉಂಡೆ ಒಡೆದಾಗ ನಿಮ್ಮತ್ತೇಗೆ ಸಿಕ್ತು. ನೋಡಿದಾಗ್ಲಿಂದ ಆಯಮ್ಮ ಅನ್ನ ತಿಂದಿಲ್ಲ. ಇಷ್ಟು ವರ್ಷ ಆದ್ಮ್ಯಾಕೆ ನಾನ್ ಹಾಕಿದ ಉಂಗುರ ತಿರುಗಿ ಕಳ್ಸಿದೀರಿ ಅಂದ್ರೆ, ಮಾ ಅಮ್ಮಾಯಿ ಏನೋ ತಪ್ಪು ಮಾಟ್ಲಾಡಿರ್ಬೇಕು. ಅವ್ಳ ಬಾಯಿ ಸ್ವಲ್ಪ ಜೋರು. ಚಿಕ್ಕೋಳಾಗಿದ್ದಾಗ್ಲಿಂದ ಅಂಗೇಯ. ಸೀನಂಗೆ ಇನ್ನೂ ಹೇಳಿಲ್ಲ. ಮಗಳ ಮನೆ ಇಂಗಾಗಿರೋವಾಗ ಮಗನ ಮದುವೆಗೆ ಬನ್ನಿ ಅಂತ ಜನವ ಹೆಂಗೆ ಕರೀಲಿ? ನಮ್ಮ ಮಖ ನೋಡಿ ಮನಸಲ್ಲಿ ಇಟ್ಕೋಬ್ಯಾಡ್ರಿ,” ಎಂದು ಎರಡೂ ಕೈ ಮುಗಿಯಲು ಹೋದರು.

ನನ್ನ ನಗು ನಿಂತುಹೋಯಿತು. ಒಂದು ವಾರದಿಂದ ಹೊಸಕೋಟೆಯ ಒಂದು ಮನೆಯಲ್ಲಿ ಇಬ್ಬರು ವಯಸ್ಸಾದವರು ನಮ್ಮ ಸಂಸಾರ ಮುರಿದುಬಿತ್ತೆಂದು ಊಟ ಬಿಟ್ಟು ಕೂತಿದ್ದರು, ನಾನು ಬೀಗರ ಹಲ್ಲಿನ ಚಿಂತೆಯಲ್ಲಿದ್ದೆ. ಮುಗಿಯಲು ಬಂದ ಅವರ ಕೈಗಳನ್ನು ಹಿಡಿದುಕೊಂಡು ಚಳಿ, ಬೆರಳು, ಹರಳೆಣ್ಣೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಬ್ಯಾಂಡೇಜು ಬಿಚ್ಚಿ ಬೆರಳು ತೋರಿಸಿದೆ. ಅವರು ಉಂಗುರವನ್ನು ನನ್ನ ಬೆರಳಿಗೆ ಹಾಕಿ ನೋಡಿದರು. ಸಡಿಲವಾಗಿ ಗಿರಗಿರ ತಿರುಗಿತು. ಇನ್ನೊಂದು ಸಲ ತಿರುಗಿಸಿದರು. ಆಮೇಲೆ ಮಫ್ಲರನ್ನು ತಲೆಯಿಂದ ತೆಗೆದು ಮುಖ ಒರೆಸಿಕೊಂಡು, “ಅಂತೇನಾ?” ಎಂದರು. ಅಂತೇ ಮಾವ, ಅಷ್ಟೇ ಎಂದೆ. ಇಬ್ಬರೂ ಮಕ್ಕಳಂತೆ ನಗತೊಡಗಿದೆವು.

ಅಷ್ಟರಲ್ಲಿ ಸುಜಾತ ಕಾಫಿ ಲೋಟಗಳ ಜೊತೆ ಮೆಟ್ಟಿಲ ಬಾಯಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ, ಆದರೆ ಬೇಕಾದಷ್ಟು ಕೇಳಿಸಿಕೊಂಡಿದ್ದಳು. ನಾನು ಕಣ್ಣು ಮುಚ್ಚಿಕೊಂಡೆ. ಸಿಡಿಲು ಬಿದ್ದದ್ದು ಪಕ್ಕಕ್ಕೆ. “ಅಲ್ಲಪ್ಪ, ಉಂಗುರ ಸಿಕ್ಕಿದ ತಕ್ಷಣ ನನ್ನದೇ ತಪ್ಪು ಅಂತ ಹೆಂಗೆ ತೀರ್ಮಾನ ಮಾಡ್ದೆ? ನನ್ನ ಬಾಯಿ ಜೋರಾ? ನಾನೇನು ಬೀದಿ ಜಗಳ ಆಡ್ತೀನಾ?” ಎಂದು ತಂದೆಯನ್ನು ತರಾಟೆಗೆ ತೆಗೆದುಕೊಂಡಳು. ಮಾವ ಬೈಸಿಕೊಳ್ಳುತ್ತ ಕಾಫಿ ಕುಡಿದರು. ಅಷ್ಟು ಖುಷಿಯಿಂದ ಬೈಸಿಕೊಂಡವರನ್ನು ನಾನು ನೋಡಿಲ್ಲ. “ನೋಡಿದ್ರಾ ಅಳಿಯಂದ್ರೆ, ನಾನೇನು ಸುಳ್ಳು ಹೇಳಿದ್ನಾ?” ಎಂದು ಮಧ್ಯದಲ್ಲಿ ನನ್ನ ಕಡೆ ತಿರುಗಿದರು. ನಾನು ಜಾಣನಾಗಿ ಲೋಟದೊಳಗೆ ನೋಡಿದೆ. ಅಲ್ಲಿಂದಲೇ ಅತ್ತೆಗೆ ಫೋನು ಹೋಯಿತು. ಆ ಕಡೆಯಿಂದ ಮೊದಲು ಅಳು, ಆಮೇಲೆ ನಗು, ಆಮೇಲೆ ಉಂಗುರಕ್ಕೆ ದಾರ ಸುತ್ತಿ ಹಾಕಿಕೊಳ್ಳಲಿ ಎಂಬ ಸಲಹೆ ಬಂತು. ಊಟ ಮುಗಿಸಿ ಮಾವ ಮಧ್ಯಾಹ್ನದ ಬಸ್ಸಿಗೆ ಹೊರಟರು. ಮದುವೆಗೆ ಕರೆಯಬೇಕಾದ ಮನೆಗಳು ಬೇಕಾದಷ್ಟು ಬಾಕಿಯಿದ್ದವು.

ಅವರನ್ನು ಬಸ್ಸು ಹತ್ತಿಸಿ ಬಂದಾಗ ಸುಜಾತ ತಾರಸಿಯಲ್ಲಿ ಹುಣಸೆ ಬೀಜ ಬಾಚುತ್ತಿದ್ದಳು. ನಾನೂ ಕೂತು ಬಾಚತೊಡಗಿದೆ. ಅವಳು ಕೋಪವಿಲ್ಲದೆ ಕೇಳಿದಳು. “ನಿಂಬೆಹಣ್ಣು ಚಿತ್ರಾನ್ನಕ್ಕೆ ಹಿಂಡಿಕೊಟ್ರಲ್ಲ, ಬ್ಯಾಂಡೇಜು ನೆನೆದುಹೋಗಿತ್ತು, ಒಂದು ಸಲನಾದ್ರೂ ಉರೀತು ಅಂದ್ರಾ? ಗಾಯ ಇಲ್ಲ ಅಂತ ಅವತ್ತೇ ಗೊತ್ತಾಯ್ತು. ಹೇಳ್ತೀರ, ಹೇಳ್ತೀರ ಅಂತ ಕಾಯ್ತಾ ಇದ್ದೆ.” ನಾನು ಬೀಜ ಬಾಚುತ್ತಲೇ ಇದ್ದೆ. “ತೋವಿನಕೆರೆಗೆ ಹೋದ್ರಿ. ಸಿರಾಕ್ಕೆ ಹೋದ್ರಿ. ಇವತ್ತು ಹೊಸಕೋಟೆಗೆ ಹೊರಟಿದ್ರಿ. ಹಾಲ್‌ನಿಂದ ಅಡುಗೆಮನೆಗೆ ಬರೋದು ಅಷ್ಟೊಂದು ದೂರ ಆಯ್ತೇನ್ರೀ?” ಎಂದಳು. ಬೈದಿದ್ದರೆ ಬೈಸಿಕೊಂಡು ಎದ್ದುಬಿಡಬಹುದಿತ್ತು. “ನಾನು ರಾಕ್ಷಸೀನಾ?” ಎಂದಳು. ಅಲ್ಲ ಎಂದೆ. “ಹಂಗಾದ್ರೆ ಬೀಜ ಚೀಲಕ್ಕೆ ತುಂಬಿ,” ಎಂದು ಎದ್ದು ಹೋದಳು. ಹೋಗುವಾಗ ನನ್ನ ಕೈಯಿಂದ ಉಂಗುರ ಬಿಚ್ಚಿಕೊಂಡು ಹೋಗಿ, ಸಂಜೆಗೆ ಹಿಂಬದಿಗೆ ಹಳದಿ ದಾರ ಬಿಗಿಯಾಗಿ ಸುತ್ತಿ ತಂದು ತಾನೇ ಬೆರಳಿಗೆ ಹಾಕಿದಳು.

ಮದುವೆ ಚೆನ್ನಾಗಿ ಆಯಿತು. ಸಾರು ಹದವಾಗಿತ್ತು, ಯಾಕೆಂದರೆ ನಾನು ಎರಡನೇ ಸಲ ಉಪ್ಪು ಹಾಕದೆ ಬಿಟ್ಟದ್ದು ಹೊಸಕೋಟೆಯ ಉಂಡೆಗಳನ್ನು ಮಾತ್ರ. ನಮ್ಮ ಮನೆಯಲ್ಲಿ, ತೋವಿನಕೆರೆಯಲ್ಲಿ, ಸಿರಾದಲ್ಲಿ ಈ ವರ್ಷವಿಡೀ ಸಾರಿಗೆ ಉಪ್ಪು ಹಾಕುವ ಅಗತ್ಯವಿಲ್ಲ. ಗಿರಿಜಕ್ಕನಿಗೆ ನಿಜ ಹೇಳಿ ಸುಜಾತಳ ಹೆಸರನ್ನು ವಾಪಸ್ ತಂದೆ, ನನ್ನ ಹೆಸರು ಮಾತ್ರ ಚಪ್ಪರದಲ್ಲೆಲ್ಲ ಓಡಾಡಿತು. ಅಕ್ಷತೆ ಹಾಕುವಾಗ ಹೆಣ್ಣಿನ ಕಡೆಯವರೂ ನನ್ನ ಬೆರಳನ್ನೇ ನೋಡುತ್ತಿದ್ದರು.

ಆವತ್ತಿನಿಂದ ನಾನು ಏನು ಕಳೆದರೂ ನೇರವಾಗಿ ಅಡುಗೆಮನೆಗೆ ಹೋಗಿ ಹೇಳುವ ವ್ರತ ಹಿಡಿದಿದ್ದೇನೆ. ಪೆನ್ನು ಕಾಣುತ್ತಿಲ್ಲ ಎಂದು ಹೇಳುತ್ತೇನೆ. ಕರ್ಚೀಫು, ಬಾಚಣಿಗೆ, ನಿನ್ನೆಯ ಪೇಪರ್, ಎಲ್ಲವನ್ನೂ ಹೇಳುತ್ತೇನೆ. “ಇದನ್ನೂ ಹೇಳ್ಬೇಕೇನ್ರೀ?” ಎಂದು ಅವಳಿಗೇ ಈಗ ಸಾಕಾಗಿದೆ. ಇವತ್ತು ಬೆಳಿಗ್ಗೆ ಶಾಲೆಗೆ ಹೊರಟವನು ಬಾಗಿಲಲ್ಲಿ ನಿಂತು ಸ್ವಲ್ಪ ಯೋಚನೆ ಮಾಡಿ, ಹಿಂದಿರುಗಿ ಅಡುಗೆಮನೆಗೆ ಹೋದೆ. “ಸುಜಾತ, ಸ್ಕೂಟರ್ ಕಾಣ್ತಿಲ್ಲ,” ಎಂದೆ. ಅವಳು ರೊಟ್ಟಿ ತಟ್ಟುತ್ತಿದ್ದವಳು ತಿರುಗಿಯೂ ನೋಡದೆ, “ನಿನ್ನೆ ಸಂಜೆ ಸೊಪ್ಪು ಹಿಡ್ಕೊಂಡು ನಡ್ಕೊಂಡು ಬಂದ್ರಿ. ಮಾರ್ಕೆಟ್ ಹತ್ರ ಇರುತ್ತೆ, ಹೋಗಿ,” ಎಂದಳು. ಅಲ್ಲೇ ಇತ್ತು.